ಗರಗಸಕ್ಕೆ ಕೊಟ್ಟ ತುಂಡು

ಗರಗಸ ನಿಂತಿತು. ಮೇಷ್ಟ್ರು ಕತ್ತರಿಸಿದ ಉಕ್ಕಿನ ತುಂಡನ್ನು ಬೆಳಕಿಗೆ ಹಿಡಿದರು. ಹೊರಗೆ ಹೆಣೆದ ಜಡೆಯಂಥ ಬೆಸುಗೆ. ಒಳಗೆ ಸಾಸಿವೆ ಕಾಳಿನಷ್ಟು ತೂತು.

"ಫೇಲ್," ಎಂದರು. ದನಿ ಅವರದಲ್ಲವೇನೋ ಎಂಬಂತಿತ್ತು.

ಅದು ಅವಳ ತುಂಡು. ಬಾಯ್ಲರ್ ಕಾರ್ಖಾನೆ ತನ್ನ ಕೆಲಸಗಾರರಿಗೆಂದೇ ನಡೆಸುವ ಆ ಬೆಸುಗೆ ತರಬೇತಿ ಶಾಲೆಯಲ್ಲಿ ಅವಳೊಬ್ಬಳೇ ಹೆಣ್ಣು. ಎಲ್ಲರೂ ಅವಳನ್ನು ಕರೆಯುತ್ತಿದ್ದುದು 'ಕಿಡಿ' ಎಂದೇ. ಪರೀಕ್ಷೆಯಲ್ಲಿ ಮೇಷ್ಟ್ರು ಎಲ್ಲರ ತುಂಡುಗಳಲ್ಲಿ ಒಂದನ್ನೇ ಆರಿಸಿ ಕತ್ತರಿಸುತ್ತಾರೆ, ಉಳಿದವಕ್ಕೆ ಕಣ್ಣಳತೆಯ ಅಂಕ. ಪಾಸಾದರೆ ಕೆಲಸ ಖಾಯಂ. ಇಲ್ಲವಾದರೆ ಮೂರು ವಾರ ಬಿಟ್ಟು ಇನ್ನೊಂದೇ ಅವಕಾಶ. ಅದೂ ತಪ್ಪಿದರೆ ಅಣ್ಣನ ಮನೆ, ಅತ್ತಿಗೆಯ ಮೌನ.

ನನ್ನ ಹರಿದ ಕೈಗವಸು ಕಂಡು ತಮ್ಮದನ್ನೇ ಬಿಚ್ಚಿಕೊಟ್ಟ ಮನುಷ್ಯ ಇವರೇ ಅಲ್ಲವೇ... ಮತ್ತೆ ನನ್ನದನ್ನೇ ಯಾಕೆ?

"ಅನುಮಾನ ಇರೋದನ್ನ ತಾನೇ ಕೊಯ್ಯೋದು," ಎಂದ ಪಕ್ಕದ ಬೆಂಚಿನ ಮಾಮ. ಐವತ್ತು ದಾಟಿದ ವಿದ್ಯಾರ್ಥಿ ಅವನು. "ಬೇಜಾರಾಗ್ಬೇಡ ತಾಯಿ. ನಂದನ್ನ ಕೊಯ್ದಿದ್ರೆ ಆ ತೂತಲ್ಲಿ ಇಲಿ ಸಂಸಾರ ಹೂಡ್ತಿತ್ತು."

ಅವಳು ನಗಲಿಲ್ಲ.

ಮೂರು ವಾರ ಮೇಷ್ಟ್ರೊಡನೆ ಅಗತ್ಯಕ್ಕೆ ತಕ್ಕಷ್ಟೇ ಮಾತು. ಮಣ್ಣು ಮುಟ್ಟಿ ಹದ ತಿಳಿಯುತ್ತಿದ್ದ ಅಪ್ಪನ ಹಾಗೆ, ಕೈ ಎಲ್ಲಿ ತಪ್ಪುತ್ತಿದೆ ಎಂದು ತುಂಡಿನಿಂದ ತುಂಡಿಗೆ ಹುಡುಕಿದಳು. ಕೊನೆಗೂ ಸಿಕ್ಕಿತು: ಮುಗಿಯಲು ಬೆರಳಗಲ ಉಳಿದಾಗ ಅವಸರ ಪಡುತ್ತಿದ್ದಳು.

ಮರುಪರೀಕ್ಷೆಯ ದಿನ ಮೇಷ್ಟ್ರ ಕುರ್ಚಿಯಲ್ಲಿ ಬೇರೆ ಘಟಕದ ಹಿರಿಯರೊಬ್ಬರು ಕೂತಿದ್ದರು.

ನೋಡುವುದಕ್ಕೂ ಬರಲಿಲ್ಲ...

ಮುಖಗವಸು ಇಳಿಸಿ ಬೆಸುಗೆ ಶುರು ಮಾಡಿದಳು. ಆದರೂ ಕೊನೆಯ ಬೆರಳಗಲದಲ್ಲಿ ಅವಳ ಕೈ ನಿಧಾನಿಸಿತು. ಹಿರಿಯರು ಕತ್ತರಿಸಿ ನೋಡಿದರು. ಒಳಗೆ ಎಲ್ಲೂ ತೂತಿರಲಿಲ್ಲ. ಪಾಸ್ ಎಂದು ಬರೆದರು.

ಎರಡು ಹೋಳುಗಳನ್ನು ಹಿಡಿದು ಅವಳು ಶೆಡ್ಡಿನ ಹಿಂದಕ್ಕೆ ನಡೆದಳು. ಸಿಲಿಂಡರುಗಳ ಪಕ್ಕ ಮೇಷ್ಟ್ರು ಸುಮ್ಮನೆ ನಿಂತಿದ್ದರು.

"ಅವತ್ತು ನನ್ನ ಮೇಲೆ ಅನುಮಾನ. ಇವತ್ತು ಮುಖ ನೋಡೋಕೂ ಬೇಡವಾದ್ನಾ?"

"ಅನುಮಾನ ಅಲ್ಲ." ಅವರು ಒಂದು ಹೆಜ್ಜೆ ಮುಂದೆ ಬಂದರು. "ಒಳ್ಳೆ ಬೆಸುಗೆ ಹೇಗಿರುತ್ತೆ ಅಂತ ಎಲ್ಲರಿಗೂ ತೋರಿಸೋಣ ಅಂತ ನಿಮ್ಮದನ್ನ ಆರಿಸಿದ್ದೆ. ಒಳಗೆ ತೂತಿದೆ ಅಂತ ಗೊತ್ತಾದ್ಮೇಲೆ ಮುಚ್ಚಿಡೋ ಹಾಗಿರಲಿಲ್ಲ. ಆ ಬಾಯ್ಲರ್ ಪಕ್ಕ ಜನ ನಿಲ್ತಾರೆ."

ಅವಳು ಹೋಳುಗಳನ್ನು ಕೈಯಲ್ಲೇ ತಿರುಗಿಸಿದಳು.

"ಕೊನೇಲಿ ನಿಮ್ಮ ಕೈ ಅವಸರ ಮಾಡಿದ್ದು ನನಗೆ ಕಾಣಬೇಕಿತ್ತು. ಹನ್ನೆರಡು ವರ್ಷದಿಂದ ಬರೀ ಕೈಗಳನ್ನೇ ನೋಡ್ತಾ ಬಂದೋನು ನಾನು."

"ಮತ್ತೆ ಯಾಕೆ ಕಾಣಲಿಲ್ಲ?"

"ಕೈ ನೋಡ್ತಿರಲಿಲ್ಲ... ನಿಮ್ಮನ್ನ ನೋಡ್ತಿದ್ದೆ. ಅಂಥವನು ಅಂಕ ಕೊಡಬಾರದು. ಅದಕ್ಕೇ ಕುರ್ಚಿ ಬಿಟ್ಟೆ."

ಮೂರು ವಾರ ಹೊತ್ತುಕೊಂಡಿದ್ದ ಸಿಟ್ಟನ್ನು ಎಲ್ಲಿ ಇಳಿಸಬೇಕೆಂದು ಅವಳಿಗೆ ತಿಳಿಯಲಿಲ್ಲ. ಇನ್ನೂ ಬೆಚ್ಚಗಿದ್ದ ಹೋಳುಗಳನ್ನು ಅವರ ಅಂಗೈಯಲ್ಲಿಟ್ಟಳು.

"ಅಂಕ ಬಂದಾಯ್ತು. ಇನ್ನು ಬರೀ ನೋಡಿ."

ಅವರು ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ."

"ಮೇಷ್ಟ್ರೇ, ತುಂಡು ಕೆಳಗಿದೆ. ನಿಮ್ಮ ಅಂಗೈಯಲ್ಲಿ."

"ಗೊತ್ತು," ಎಂದರು ಅವರು, ಅವಳ ಮುಖದಿಂದ ಕಣ್ಣು ತೆಗೆಯದೆ. "ನೋಡಬಹುದಾ?"

"ನೋಡಿ," ಎಂದಳು. "ಅವಸರ ಏನಿಲ್ಲ."