ಬೊಕ್ಕಸದ ಹದ್ದು

ಬಹಳ ಹಿಂದೆ, ಹೊಳೆಯ ತಿರುವಿನಲ್ಲಿ ತುಂಬೆನಾಡು ಎಂಬ ಪುಟ್ಟ ರಾಜ್ಯವಿತ್ತು. ಅದರ ರಾಣಿ ಪದುಮಲೆಗೆ ಒಂದೇ ಚಿಂತೆ. ಮಳೆಗಾಲಕ್ಕೆ ಮುಂಚೆ ಹೊಳೆಗೆ ಒಡ್ಡು ಕಟ್ಟದಿದ್ದರೆ ದಂಡೆಯ ಊರುಗಳು ಕೊಚ್ಚಿಹೋಗುತ್ತವೆ. ವರ್ಷವರ್ಷವೂ ಒಡ್ಡಿಗೆಂದು ಹೊನ್ನು ಕಳಿಸುತ್ತಿದ್ದಳು. ಒಡ್ಡು ಮಾತ್ರ ಮೇಲೇಳುತ್ತಿರಲಿಲ್ಲ. ಕೊನೆಗೆ ನೆರೆಯ ಚಕ್ರವರ್ತಿಯ ಬಳಿ ಸಾಲ ಕೇಳಿದಳು. "ನಿಮ್ಮ ಬೊಕ್ಕಸದ ವ್ಯವಹಾರ ನೆಟ್ಟಗಿದ್ದರೆ ಕೊಡೋಣ" ಎಂದು ಅವನು ಬೊಮ್ಮರಸನೆಂಬ ತರುಣ ಪರೀಕ್ಷಕನನ್ನು ಕಳಿಸಿದ.

ಪರೀಕ್ಷಕರ ಪಾದ ಮಣ್ಣಿಗೆ ತಾಗಕೂಡದೆಂಬುದು ತುಂಬೆನಾಡಿನ ಮರ್ಯಾದೆ. ಹಾಗಾಗಿ ಲೆಕ್ಕ ನೋಡಲು ಬಂದವರನ್ನೆಲ್ಲ ಪಲ್ಲಕ್ಕಿಯಲ್ಲಿ ಕೂರಿಸಿ, ಅರಮನೆಯೊಳಗೇ ಸುತ್ತಿಸಿ, ಹೋಳಿಗೆ ತಿನ್ನಿಸಿ ಕಳಿಸುತ್ತಿದ್ದರು. ಇಂಥ ಸುಖದ ಕೆಲಸ ನಮಗೂ ಸಿಗಬಾರದೇ! ಪಲ್ಲಕ್ಕಿಯ ಪಕ್ಕದಲ್ಲಿ ನಗುನಗುತ್ತಾ ನಡೆಯುತ್ತಿದ್ದವನು ಬೊಕ್ಕಸದ ಅಧಿಕಾರಿ ಧೂಮಾಕ್ಷ. ಅವನು ಮಾಂತ್ರಿಕನೆಂದು ಯಾರಿಗೂ ತಿಳಿದಿರಲಿಲ್ಲ.

ಮೊದಲ ಬಾಗಿಲಲ್ಲಿ ಬಂಗಾರದ ಗಿಳಿ ಕೂತಿತ್ತು.

"ಕಂದಾಯ ಬಂತೇ?" ಎಂದ ಬೊಮ್ಮರಸ.

"ಬಂತು" ಎಂದಿತು ಗಿಳಿ.

ಎರಡನೆಯ ಬಾಗಿಲಲ್ಲಿ ಏಳು ಹೆಡೆಯ ಸರ್ಪ.

"ಬಂದದ್ದು ಜೋಪಾನವಾಗಿದೆಯೇ?"

"ಇದೆ" ಎಂದಿತು ಸರ್ಪ, ಏಳೂ ಬಾಯಿಂದ.

ಮೂರನೆಯ ಬಾಗಿಲಲ್ಲಿ ಆನೆಗಾತ್ರದ ಹದ್ದು, ಕೊರಳಲ್ಲಿ ಈ ವರ್ಷದ ಹೊನ್ನಿನ ಚೀಲ.

"ಒಡ್ಡಿನ ಹಣ ಹೊರಗೆ ಹೋಗುತ್ತದೆಯೇ?"

"ಪ್ರತಿವರ್ಷವೂ ಹೋಗುತ್ತದೆ" ಎಂದಿತು ಹದ್ದು.

ಮೂರೂ ನಿಜವನ್ನೇ ಹೇಳಿದ್ದವು. ಹಿಂದಿನ ಪರೀಕ್ಷಕರೆಲ್ಲ ಇಷ್ಟಕ್ಕೇ ತೃಪ್ತರಾಗಿ ಊಟಕ್ಕೆ ನಡೆದಿದ್ದರು. ಬೊಮ್ಮರಸ ಅಲುಗಲಿಲ್ಲ.

"ಹೋಗುವುದು ಎಲ್ಲಿಗಪ್ಪಾ?"

ಹದ್ದಿನ ಕಣ್ಣು ತುಂಬಿಬಂತು. ಕೊಕ್ಕು ತೆರೆಯಿತು, ದನಿ ಹೊರಡಲಿಲ್ಲ. ಆ ಒಂದು ಮಾತಿಗೆ ಯಾರೋ ಮಂತ್ರದ ಕಟ್ಟು ಹಾಕಿದ್ದರು.

"ಹಾಗಾದರೆ ನಾನೇ ಹೋಗಿ ನೋಡುತ್ತೇನೆ."

"ಅಯ್ಯೋ ಸ್ವಾಮಿ, ಪಾದ ಮಣ್ಣಿಗೆ ತಾಗಬಾರದು!" ಎಂದು ಧೂಮಾಕ್ಷ ಅಡ್ಡ ಬಂದ.

"ತಾಗಿಸುವುದಿಲ್ಲ ಬಿಡಿ" ಎಂದ ಬೊಮ್ಮರಸ, ಪಲ್ಲಕ್ಕಿಯಿಂದಲೇ ಹದ್ದಿನ ಬೆನ್ನಿಗೆ ಹಾರಿ ಕೂತ.

ಪಲ್ಲಕ್ಕಿಯ ಹಿಂದೆಯೇ ಬಂದಿದ್ದ ರಾಣಿ ಇದನ್ನೆಲ್ಲ ನೋಡುತ್ತಿದ್ದಳು. ತಪ್ಪು ಸಿಕ್ಕರೆ ಸಾಲವಿಲ್ಲ, ಸಾಲವಿಲ್ಲದಿದ್ದರೆ ಒಡ್ಡಿಲ್ಲ. ಆದರೂ "ಹೋಗಿ ಬನ್ನಿ" ಎಂದಳು. ಅವಳ ಧೈರ್ಯಕ್ಕೆ ನನ್ನದೊಂದು ನಮಸ್ಕಾರ.

ಹದ್ದು ಹೊಳೆಯ ಮೇಲೆ ಹಾರಿತು. ಮುರುಕು ಒಡ್ಡಿನ ಮೇಲೂ ಹಾರಿತು, ಇಳಿಯಲಿಲ್ಲ. ಕರಿಗುಡ್ಡದ ಗವಿಯೊಂದರಲ್ಲಿ ಇಳಿದು ಚೀಲ ಸುರಿಯಿತು. ಅಲ್ಲಿ ಅಷ್ಟೂ ವರ್ಷಗಳ ಹೊನ್ನು ರಾಶಿ ಬಿದ್ದಿತ್ತು.

"ಕಂಡೆ!" ಎಂದು ಬೊಮ್ಮರಸ ಕೂಗಿದ್ದೇ ತಡ, ಗುಟ್ಟು ಬಯಲಾಗಿ ಮಂತ್ರದ ಕಟ್ಟು ಪಟ್ಟನೆ ಹರಿಯಿತು. "ಇದು ಧೂಮಾಕ್ಷನ ಗವಿ!" ಎಂದು ಹದ್ದು ಆಕಾಶ ಬಿರಿಯುವಂತೆ ಅರಚಿತು. ಅತ್ತ ಅರಮನೆಯಲ್ಲಿ ಧೂಮಾಕ್ಷ ಹೊಗೆಯಾಗಿ, ಕಿಟಕಿಯಿಂದ ನುಸುಳಿ, ಗಾಳಿಗೆ ಚದುರಿಹೋದ.

ಬೊಮ್ಮರಸ ಮರಳಿ ಬಂದು, ಕಂಡದ್ದನ್ನೆಲ್ಲ ಹೇಳಿ ಕೈಮುಗಿದ. "ಮಹಾರಾಣಿಯವರೇ, ನಿಮ್ಮ ಬೊಕ್ಕಸದ ವ್ಯವಹಾರ ನೆಟ್ಟಗಿಲ್ಲ ಎಂದೇ ನಾನು ಹೇಳಬೇಕಾಗುತ್ತದೆ."

"ಧಾರಾಳವಾಗಿ ಹೇಳಿ" ಎಂದು ರಾಣಿ ನಕ್ಕಳು, ನಗುತ್ತಲೇ ಅತ್ತುಬಿಟ್ಟಳು. "ನಮ್ಮ ಹೊನ್ನೇ ನಮಗೆ ಸಿಕ್ಕಿತಲ್ಲ, ಇನ್ನು ಸಾಲ ಯಾರಿಗೆ ಬೇಕು?"

ಒಡ್ಡು ಎದ್ದಿತು. ಮಳೆ ಸುರಿಯಿತು, ಹೊಳೆ ಉಕ್ಕಿ ಬಂದು ಒಡ್ಡಿಗೆ ಬಡಿದು, ತನ್ನ ಪಾಡಿಗೆ ತಿರುಗಿ ಹೋಯಿತು. ಗುಡ್ಡಕ್ಕೆ ಓಡಲೆಂದು ಪಾತ್ರೆಪಡಗ ಗಂಟು ಕಟ್ಟಿ ಬಾಗಿಲಲ್ಲಿಟ್ಟಿದ್ದ ದಂಡೆಯ ಹೆಂಗಸರು ಅದನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಗಂಟು ಬಿಚ್ಚಿ, ಅದೇ ಪಾತ್ರೆಗಳಲ್ಲಿ ಪಾಯಸ ಮಾಡಿ, ಮನೆಮಂದಿಗೆಲ್ಲ ಬಡಿಸಿ, ಮಳೆಯ ಸದ್ದು ಕೇಳುತ್ತಾ ಸುಖವಾಗಿ ಬಾಳಿದರು.