ಶೈಲೋಬೆಂಡಿನ ಶಾಲೆ

ಗುಲಾಮಗಿರಿಯಿಂದ ಬಿಡುಗಡೆಯಾದ ನಮ್ಮ ಮುತ್ತಜ್ಜಂದಿರು ಅಲಬಾಮಾದಲ್ಲಿ ಕಟ್ಟಿಕೊಂಡ ಊರು ಶೈಲೋಬೆಂಡ್. ಅವರು ಕಟ್ಟಿದ್ದರಲ್ಲಿ ಉಳಿದಿದ್ದು ಶಾಲೆಯೊಂದೇ. ಅದನ್ನು ಕೆಡವಬೇಡಿ ಎಂದು ನಾನೂ ಓಲೆಟಾ ದೊಡ್ಡಮ್ಮನೂ ಅಲೆಯದ ಕಚೇರಿಯಿಲ್ಲ. ಕೊನೆಗೆ ಬಿಳಿಯ ಅಧಿಕಾರಿಯೊಬ್ಬ ನೋಡಲು ಬಂದ.

ಉರಿಬಿಸಿಲಿನ ಮಧ್ಯಾಹ್ನ ನಾನೇ ಬೀಗ ತೆಗೆದೆ. ಒಳಗೆ ಬಾವಿಯೊಳಗಿನಂಥ ತಂಪು. ವರ್ಷಗಟ್ಟಲೆ ಮುಚ್ಚಿದ್ದ ಕೋಣೆಯ ನೆಲ ಈಗಷ್ಟೇ ಒರೆಸಿದಂತೆ ಒದ್ದೆಯಾಗಿತ್ತು. ಸೋಪಿನ ವಾಸನೆ ಬರುತ್ತಿತ್ತು. ಅಲ್ಲಿನ ನಲ್ಲಿ ಕಿತ್ತುಹೋಗಿ ಎಷ್ಟೋ ಕಾಲವಾಗಿತ್ತು.

ಅಧಿಕಾರಿ ಬಾಗಿಲಲ್ಲೇ ನಿಂತು ಇಣುಕಿದ. “ಇದ್ರಲ್ಲಿ ಉಳಿಸೋಕೇನಿದೆ? ಕೆಡವೋದೇ. ಹಿಂದಿನ ಬೆಂಚಲ್ಲಿ ಕೂತಿದಾರಲ್ಲ, ಆ ಹೆಂಗಸಿಗೆ ಎದ್ದು ಹೋಗೋಕೆ ಹೇಳಿ.”

ಬೆಂಚು ಖಾಲಿಯಿತ್ತು.

“ನೀವೇ ಹೇಳಿ ಸಾಹೇಬ್ರೆ,” ಎಂದರು ದೊಡ್ಡಮ್ಮ. “ನಮ್ಮೋರನ್ನ ಎಬ್ಬಿಸಿ ಕಳಿಸೋದು ನಿಮಗೇನು ಹೊಸದೇ?”

ಮರುವಾರ ಬುಲ್ಡೋಜರ್ ಬಂತು. ಮೊದಲ ಗೋಡೆ ಬಿದ್ದ ಕೂಡಲೇ ಅದರ ಚಾಲಕ ಕೆಳಗಿಳಿದು, ಟೋಪಿ ತೆಗೆದು, ಬೈಸಿಕೊಳ್ಳುವವನಂತೆ ತಲೆ ತಗ್ಗಿಸಿ ನಿಂತ. ಆಮೇಲೆ ಕೀಲಿಯನ್ನು ಅಲ್ಲೇ ಬಿಟ್ಟು ನಡೆದುಬಿಟ್ಟ. ಉಳಿದದ್ದನ್ನು ಬೇರೊಬ್ಬ ನೆಲಸಮ ಮಾಡಿದ.

ಈಗ ಕೀಲಿ ಬಿಟ್ಟುಹೋದ ಆ ಬಿಳಿಯ ಚಾಲಕ ಪ್ರತಿ ಭಾನುವಾರ ನಮ್ಮ ಚರ್ಚಿನ ಹೊರಗೆ ಬಂದು ನಿಲ್ಲುತ್ತಾನೆ. ಒಳಗೆ ಬಾ ಎಂದು ಎಷ್ಟು ಕರೆದರೂ, “ಅವರಿನ್ನೂ ಬಾ ಅಂದಿಲ್ಲ,” ಎನ್ನುತ್ತಾನೆ. ಯಾರು ಎಂದು ಮಾತ್ರ ಹೇಳುವುದಿಲ್ಲ.