ನಲವತ್ತರ ಕೆಳಗೆ

ಹುಬ್ಬಳ್ಳಿಯಿಂದ ಬೆಳಗಿನ ಆರಕ್ಕೆ ಎದ್ದ ವಿಮಾನ ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಪಡುವಣಕ್ಕೆ ಸಾಗಿತ್ತು. ಚಿಲಿ ದೇಶ ಮುಟ್ಟಲು ಹತ್ತೊಂಬತ್ತು ಗಂಟೆ. ಅಷ್ಟೂ ಹೊತ್ತು ಕಿಟಕಿಯಾಚೆ ಹಗಲು. ಮುನ್ನೂರ ಹನ್ನೆರಡು ಆಸನಗಳ ಹೊದಿಕೆಯೊಳಗೆ ಹೆಣೆದಿದ್ದ ಸ್ಪರ್ಶತಂತುಗಳು ಆಗಲೇ ಕೆಲಸಕ್ಕಿಳಿದಿದ್ದವು. ಕುಳಿತವರ ಎದೆಬಡಿತ ಎಷ್ಟು, ಉಸಿರು ಆಳದ್ದೋ ಮೇಲುಮೇಲಿನದೋ, ಅಂಗೈ ಬೆವರಿದೆಯೋ, ಹೆಗಲು ಬಿಗಿದಿದೆಯೋ, ಎಲ್ಲವನ್ನೂ ಆ ಕೂದಲೆಳೆಯಂಥ ತಂತುಗಳು ಹಿಡಿದು ಒಂದೇ ಅಂಕಿಗೆ ಇಳಿಸುತ್ತಿದ್ದವು. ಈ ಯಂತ್ರದ ಹೆಸರು ನೆಮ್ಮದಿಮಾಪಕ. ವಿಮಾನದ ತುಂಬ ಇರುವ ಮಂದಿಯ ನೆಮ್ಮದಿ ನೂರಕ್ಕೆ ಎಷ್ಟು ಎಂದು ಅದು ಗಳಿಗೆಗಳಿಗೆಗೂ ಹೇಳುತ್ತಿತ್ತು.

ಇಪ್ಪತ್ತೇಳನೆಯ ಸಾಲಿನಲ್ಲಿದ್ದ ನೀಲಗಂಗಾ ಹೊಸಕೇರಿ ತನ್ನ ಅಂಗೈಯಗಲದ ಬೆಳಕಿನ ಪಟದ ಮೇಲೆ ಆ ಅಂಕಿಯನ್ನು ನೋಡಿದಳು. ನಲವತ್ತೆರಡು.

"ಇನ್ನು ಮೂರು, ಮೂರೇ ಇಳಿಸು ತಂದೆ," ಎಂದು ಕೊರಳಲ್ಲಿದ್ದ ಇಷ್ಟಲಿಂಗವನ್ನು ಕಣ್ಣಿಗೊತ್ತಿಕೊಂಡಳು.

ದೇವರಲ್ಲಿ ಮಂದಿ ನೆಮ್ಮದಿ ಬೇಡುವುದುಂಟು. ಆಕೆ ಮುನ್ನೂರ ಹನ್ನೆರಡು ಮಂದಿಗೆ ನೆಮ್ಮದಿ ಕೊಡಬೇಡ ಎಂದು ಬೇಡುತ್ತಿದ್ದಳು. ಅದಕ್ಕೊಂದು ಕಾರಣವಿತ್ತು.

ಆ ಕಾಲಕ್ಕೆ ದೂರಪ್ರಯಾಣದ ವಿಮಾನ ಕಂಪನಿಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಲು ವಾಯುಯಾನ ತುಲನಾ ಕೇಂದ್ರವೆಂಬ ಸಂಸ್ಥೆ ಹುಟ್ಟಿಕೊಂಡಿತ್ತು. ಅಲ್ಲಿಯ ತುಲನಾಧಿಕಾರಿಗಳು ಸಾಮಾನ್ಯ ಪ್ರಯಾಣಿಕರಂತೆ ಟಿಕೆಟು ತೆಗೆಸಿ ಕುಳಿತು, ಇಡೀ ಪ್ರಯಾಣದ ನೆಮ್ಮದಿಯ ಸರಾಸರಿಯನ್ನೇ ಅಂಕವಾಗಿ ತರುತ್ತಿದ್ದರು. ಒಂದು ಕಂಪನಿಯ ಮೂರು ಪ್ರಯಾಣಗಳಿಗೂ ನಲವತ್ತರ ಕೆಳಗೆ ಅಂಕ ಬಂದರೆ ಅದರ ಹಾರಾಟದ ಪರವಾನಗಿ ರದ್ದಾಗುತ್ತಿತ್ತು. ಎಲ್ಲರಿಗಿಂತ ಮೇಲಿದ್ದದ್ದು ಸುವರ್ಣಗರಿ. ಅದರಲ್ಲಿ ಆಸನವೇ ತೊಟ್ಟಿಲಾಗುತ್ತಿತ್ತು, ತಲೆಯ ಮೇಲೆ ಗುಮ್ಮಟದಂಥ ಮುಸುಕು ಇಳಿಯುತ್ತಿತ್ತು, ಕರೆಗುಂಡಿ ಒತ್ತಿದ ಒಂಬತ್ತು ಸೆಕೆಂಡಿಗೆ ಪರಿಚಾರಿಕೆ ಬಂದು ನಿಲ್ಲುತ್ತಿದ್ದಳು. ಅಂಕ ಎಪ್ಪತ್ತೊಂದು. ಎಲ್ಲರಿಗಿಂತ ಕೆಳಗಿದ್ದದ್ದು ಈ ಮೇಘವಾಹಿನಿ. ಬೇರೆ ಅಧಿಕಾರಿಗಳು ತೂಗಿದ ಮೊದಲೆರಡು ಪ್ರಯಾಣಗಳಲ್ಲಿ ಅದಕ್ಕೆ ಮೂವತ್ತೆಂಟು, ಮೂವತ್ತೊಂಬತ್ತು ಬಂದಿತ್ತು. ಇದು ಮೂರನೆಯದು.

ನಾಲ್ಕು ವರ್ಷದ ಹಿಂದೆ ನೀಲಗಂಗಾಳ ಗಂಡ ಈರಭದ್ರಪ್ಪ ಇದೇ ಕಂಪನಿಯ ವಿಮಾನದಲ್ಲಿ ಊರಿಗೆ ಹೊರಟಿದ್ದ. ಚಿಲಿಯ ಮರುಭೂಮಿಯಲ್ಲಿ ಕೊಳವೆಬಾವಿ ಕೊರೆಯುವ ಯಂತ್ರದ ಮೇಸ್ತ್ರಿ ಅವನು. ಕಡಲ ನಡುವೆ ಎದೆನೋವು ಬಂತು. ಗುಂಡಿ ಒತ್ತಿದ. ಯಾರೂ ಬರಲಿಲ್ಲ. ಮುಂದಿನ ಪರದೆಯ ಹಿಂದೆ ಸಿಬ್ಬಂದಿ ಗಂಟೆಯ ಸದ್ದನ್ನು ಕಟ್ಟಿಹಾಕಿ ಮಲಗಿದ್ದರು. ಪಕ್ಕದವರು ಓಡಿಹೋಗಿ ಎಬ್ಬಿಸಿ ಕರೆತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಂಪನಿ ಬರೆದ ಪತ್ರದಲ್ಲಿ ಎರಡೇ ಸಾಲು: ಆ ಆಸನದಿಂದ ಯಾವ ಕರೆಯೂ ಬಂದಿಲ್ಲ. ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು.

ಎರಡನೆಯ ಸಾಲು ಆಕೆಯನ್ನು ಮೊದಲನೆಯದಕ್ಕಿಂತ ಹೆಚ್ಚು ಸುಟ್ಟಿತು. ಅಂದಿನಿಂದ ನೀಲಗಂಗಾ ಅತ್ತದ್ದು ಕಡಿಮೆ, ಕಾದದ್ದು ಹೆಚ್ಚು. ಶಾಲೆಯ ಮುಖ್ಯೋಪಾಧ್ಯಾಯಿನಿಯ ಕೆಲಸ ಬಿಟ್ಟಳು. ಪರೀಕ್ಷೆ ಬರೆದು, ತವರಿನ ಅಡ್ಡಹೆಸರಿನಲ್ಲಿ ತುಲನಾ ಕೇಂದ್ರ ಸೇರಿದಳು. ಒಂದು ದಿನ ಮೇಘವಾಹಿನಿ ತನ್ನ ತಕ್ಕಡಿಗೆ ಬಂದೇ ಬರುತ್ತದೆ ಎಂದು ಆಕೆಗೆ ನಂಬಿಕೆಯಿತ್ತು. ಈ ಮೂರನೆಯ ಪ್ರಯಾಣಕ್ಕೆ ಅದು ಬಂದಿತ್ತು.

ಯಂತ್ರ ಮಾಡಿದ, ತುಲನಾ ಕೇಂದ್ರದ ಮುಖ್ಯಸ್ಥರೂ ಆದ ಡಾಕ್ಟರ್ ಗುಂಡೂರಾವ್ ಪದಕಿ ಧಾರವಾಡದವರು. ಹೊರಡುವ ಮುನ್ನ ಆಕೆ ಅವರನ್ನು ಕೇಳಿದ್ದಳು:

"ಸರ್, ಈ ನೆಮ್ಮದಿ ಯಾರು ಕೊಟ್ರು ಅಂತ ಯಂತ್ರಕ್ಕ ಹೆಂಗ ತಿಳೀತದ್ರೀ?"

"ತಿಳಿಯೂದಿಲ್ರೀ ನೀಲಗಂಗಾಬಾಯಿ. ಥರ್ಮಾಮೀಟರಿಗೆ ಜ್ವರ ಎಷ್ಟದ ಅಂತ ಗೊತ್ತು. ಯಾರ ಮನ್ಯಾಗಿಂದ ಹತ್ತಿತು ಅಂತ ಗೊತ್ತಿರ್ತದೇನು? ವಿಮಾನದಾಗ ಕುಂತಾರಂದ್ರ ವಿಮಾನದವರು ಕೊಟ್ಟಿರಬೇಕು. ಮತ್ಯಾರು ಕೊಡ್ತಾರ?"

ಈಗ ಎರಡು ಗಂಟೆ ಕಳೆದರೂ ಅಂಕಿ ನಲವತ್ತೆರಡರಿಂದ ಅಲುಗಲಿಲ್ಲ. ಪರಿಚಾರಿಕೆಯೊಬ್ಬಳು ಒಮ್ಮೆ ತಣ್ಣಗಿನ ಉಪ್ಪಿಟ್ಟಿನ ಪೊಟ್ಟಣ ಹಂಚಿ ಪರದೆಯ ಹಿಂದೆ ಹೋದವಳು ಮತ್ತೆ ಮುಖ ತೋರಿಸಿರಲಿಲ್ಲ. ಆದರೂ ನಲವತ್ತೆರಡು. ನೀಲಗಂಗಾ ಮನಸ್ಸಿನಲ್ಲೇ ನಿಯಮಪುಸ್ತಕ ತಿರುವಿಹಾಕಿದಳು. ಅಂಕ ತಿದ್ದುವುದು ಅಪರಾಧ. ತುಲನಾಧಿಕಾರಿ ಒಳ್ಳೆಯ ಪ್ರಯಾಣಿಕಳಾಗಿರಬೇಕು ಎಂದು ಮಾತ್ರ ಎಲ್ಲಿಯೂ ಬರೆದಿರಲಿಲ್ಲ.

ಐವತ್ತಾರು ವರ್ಷ ಯಾರಿಗೂ ಎದುರು ಮಾತಾಡದೆ ಬಾಳಿದ ಹೆಂಗಸು ಆಕೆ. ಒಂದು ಸಲ ಉಸಿರೆಳೆದುಕೊಂಡು, ಆಸನದ ಬೆನ್ನನ್ನು ದಡಕ್ಕನೆ ಹಿಂದಕ್ಕೆ ಒರಗಿಸಿದಳು. ಹಿಂದಿದ್ದವನ ಚಹಾದ ಲೋಟ ಅವನ ತೊಡೆಯ ಮೇಲೆ ಬಿತ್ತು.

ಅವನು ಗಜೇಂದ್ರಗಡದ ಮಾಬೂಬಸಾಬ, ಬಾವಿ ಕೊರೆಯುವವನು. ಎದ್ದು ನಿಂತು ಪಂಚೆ ಝಾಡಿಸಿಕೊಂಡ. ನೀಲಗಂಗಾ ಬೈಗುಳಕ್ಕೆ ಕಿವಿಕೊಟ್ಟು ಕುಳಿತಳು.

"ಅಕ್ಕಾರ, ಬೆನ್ನು ಹಿಡದೈತೇನ್ರೀ? ಮೊದಲ ಹೇಳಬಾರದಾ? ತಡೀರಿ," ಎಂದು ತನ್ನ ಕಂಬಳಿ ಮಡಚಿ ಅವಳ ಸೊಂಟದ ಹಿಂದೆ ಇಟ್ಟ. "ಬಾವಿ ಕೊರಿಯೂ ರಿಗ್ಗಿನ ಮ್ಯಾಲೆ ಇಪ್ಪತ್ತು ವರ್ಷ ಕುಂತೀನಿ. ಬೆನ್ನಿನ ಸಂಕಟ ನನಗ ಗೊತ್ತು."

ಪಟದಲ್ಲಿ ನಲವತ್ತಾರು.

ನೀಲಗಂಗಾ ಹಲ್ಲು ಕಚ್ಚಿದಳು. ಮೊಣಕಾಲಿನಿಂದ ಮುಂದಿನ ಆಸನವನ್ನು ಗುದ್ದತೊಡಗಿದಳು. ಹತ್ತು ಸಲ, ಇಪ್ಪತ್ತು ಸಲ. ಮುಂದಿದ್ದವಳು ಕಸ್ತೂರವ್ವ, ಬಾವಿಯವರ ಬಿಡಾರಕ್ಕೆ ರೊಟ್ಟಿ ಬಡಿಯಲು ಹೋಗುತ್ತಿದ್ದ ಮುಂಡರಗಿಯ ಹೆಂಗಸು. ಕತ್ತು ಹೊರಳಿಸಿ ನೋಡಿದಳು.

"ಕಾಲು ಜೋಮು ಹಿಡದಾವನ್ರೀ ಯಕ್ಕಾ? ಇತ್ತ ಚಾಚ್ರಿ, ಆಸನದ ಬಗಲಾಗ. ನಾಚ್ಕೋಬ್ಯಾಡ್ರಿ, ನನ್ನ ಕಡೆ ಎಣ್ಣಿ ಐತಿ."

ನಲವತ್ತೊಂಬತ್ತು.

ಆಕೆ ಎದ್ದುಹೋಗಿ ಶೌಚಾಲಯದ ಬಾಗಿಲು ಹಾಕಿಕೊಂಡು ಮುಕ್ಕಾಲು ಗಂಟೆ ಹೊರಬರಲಿಲ್ಲ. ಹೊರಗೆ ಸಾಲು ಬೆಳೆಯಿತು. ಇನ್ನು ಇಳಿಯುತ್ತದೆ ಎಂದು ಅಂಗೈ ನೋಡಿಕೊಂಡಳು. ಆದರೆ ಸಾಲಿನಲ್ಲಿ ನಿಂತವರು ಒಳಗಿರುವ ಅಕ್ಕನಿಗೆ ಹೊಟ್ಟೆ ಕೆಟ್ಟಿದೆ ಎಂದು ತೀರ್ಮಾನಿಸಿಬಿಟ್ಟಿದ್ದರು. ಒಬ್ಬರು ಅಜವಾನ ಅಂದರು, ಇನ್ನೊಬ್ಬರು ದಾಳಿಂಬೆ ಸಿಪ್ಪೆ ಅಂದರು, ಯಾವುದು ಮೇಲು ಎಂದು ವಾದ ಹತ್ತಿತು, ನಗೆಯೂ ಎದ್ದಿತು. ಬಾಗಿಲು ತೆರೆದಾಗ ನಾಲ್ಕು ಕೈಗಳು ನಾಲ್ಕು ಔಷಧ ಚಾಚಿದ್ದವು. ಅಂಕಿ ಐವತ್ತೆಂಟು.

ನಮ್ಮ ಕಡೆಯ ಮಂದಿಯ ತಪ್ಪೆಂದರೆ ಇದೇ ಇರಬೇಕು. ಒಬ್ಬರು ಕೆಟ್ಟದಾಗಿ ನಡೆದುಕೊಂಡರೆ ಅವರಿಗೆ ಹಸಿವಾಗಿರಬೇಕು, ಇಲ್ಲವೆ ಎಲ್ಲೋ ನೋಯುತ್ತಿರಬೇಕು ಎಂದೇ ತಿಳಿಯುತ್ತಾರೆ. ಬೇಕೆಂದೇ ಕೇಡು ಮಾಡುತ್ತಿರಬಹುದು ಎಂಬುದು ನಮ್ಮವರಿಗೆ ಹೊಳೆಯುವುದೇ ಇಲ್ಲ.

ಮತ್ತೆ ಬಂದು ಕುಳಿತವಳ ಪಾದವನ್ನು ಕಸ್ತೂರವ್ವ ಎದ್ದುಬಂದು ನಡುದಾರಿಯಲ್ಲಿ ಕುಳಿತು, ಕೇಳದೆಯೇ ಎಳೆದು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕತೊಡಗಿದಳು. ರೊಟ್ಟಿ ಬಡಿದು ಬಡಿದು ಒರಟಾದ ಕೈ. ಈರಭದ್ರಪ್ಪ ಸತ್ತ ಮೇಲೆ ನೀಲಗಂಗಾಳನ್ನು ಯಾರೂ ಹಾಗೆ ಮುಟ್ಟಿರಲಿಲ್ಲ.

"ಬಿಡ್ರಿ," ಎಂದಳು. "ನನ್ನ ಕಾಲು ಮುಟ್ಟಬ್ಯಾಡ್ರಿ. ನಿಮಗ ಕಾಟ ಕೊಡಾಕಂತನ ಒದ್ದೀನಿ."

"ಯಾಕ್ರೀ?"

ನಾಲ್ಕು ವರ್ಷ ಬಾಯಿಗೆ ಬರದ ಮಾತು ಆಗ ಬಂತು. ಗಂಡ, ಗುಂಡಿ, ಪರದೆ, ಎರಡು ಸಾಲಿನ ಪತ್ರ, ಈ ಪಟ, ಈ ನಲವತ್ತು. "ಈ ಕಂಪನಿ ಮುಚ್ಚಬೇಕು. ಅದಕ್ಕಂತನ ಬಂದೀನಿ. ನೀವು ಸಂಕಟಪಟ್ರನ ಅದು ಮುಚ್ಚತೈತಿ. ನಿಮಗ ನೋಡಿದ್ರ ಸಂಕಟಪಡಾಕ ಬರೂದಿಲ್ಲ," ಎಂದು ಸಿಟ್ಟಿನಿಂದ ಅತ್ತಳು.

ಸುತ್ತಲಿನ ನಾಲ್ಕಾರು ಸಾಲಿನವರು ಇತ್ತ ತಿರುಗಿದರು. ಮಾಬೂಬಸಾಬ ತಲೆಯ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

"ಇದನ್ನ ಹುಬ್ಬಳ್ಳ್ಯಾಗ ಹೇಳಬಾರದೇನ್ರೀ ಅಕ್ಕಾರ? ಅಲ್ಲಿಂದನ ಜಗಳಾಡಕೋತ ಬರ್ತಿದ್ವಿ. ಎಷ್ಟಕ್ಕ ಇಳೀಬೇಕು?"

"ನಲವತ್ತರ ಕೆಳಗ."

"ಮೂವತ್ತಕ್ಕ ಇಳಸೂಣ, ಬಿಡ್ರಿ."

ಮಾತು ಸಾಲಿನಿಂದ ಸಾಲಿಗೆ ಹಬ್ಬಿತು. ಅರ್ಧ ಗಂಟೆಯಲ್ಲಿ ಇಡೀ ವಿಮಾನಕ್ಕೆ ಗೊತ್ತಾಯಿತು. ಪರದೆಯ ಹಿಂದಿದ್ದವರಿಗೆ ಮಾತ್ರ ಗೊತ್ತಾಗಲಿಲ್ಲ. ಮುನ್ನೂರ ಹನ್ನೆರಡು ಮಂದಿ ಸಂಕಟಪಡಲು ಪಣತೊಟ್ಟರು. ಎಲ್ಲರೂ ಆಸನ ಹಿಂದಕ್ಕೆ ಒರಗಿಸಿದರು. ಎಲ್ಲರೂ ಮುಂದಿನವರನ್ನು ಒದ್ದರು. ಗೆಳೆಯರು ಗೆಳೆಯರ ಕೊರಳಪಟ್ಟಿ ಹಿಡಿದರು.

"ನಿನ್ನ ಮೋತಿ ನೋಡಿದ್ರ ಉಂಡದ್ದು ಕರಗೂದಿಲ್ಲಲೇ!"

"ನೀ ಕೊರೆದ ಬಾವ್ಯಾಗ ಇನ್ನೂ ಧೂಳ ಬರಾಕತ್ತೈತಿ, ಮಗನ!"

"ಅಷ್ಟು ಮೆತ್ತಗ ಬೈದ್ರ ಹೆಂಗ್ರೀ? ಜೋರ ಬೈರಿ, ಪಾಪ ಅಕ್ಕಾರ ಸಲುವಾಗಿ."

ಕಸ್ತೂರವ್ವ ಪಕ್ಕದವಳೊಡನೆ ಹದಿನೈದು ವರ್ಷದ ಹಳೆಯ ಬೀಗತನದ ಜಗಳ ತೆಗೆದು, ನಡುವೆಯೇ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಳು. ಕೊನೆಗೆ ಮಾಬೂಬಸಾಬ ಕೈಯೆತ್ತಿದ. ಎಲ್ಲರೂ ಒಂದೇ ಸಲಕ್ಕೆ ಕರೆಗುಂಡಿ ಒತ್ತಿದರು. ತಲೆಯ ಮೇಲೆ ಮುನ್ನೂರ ಹನ್ನೆರಡು ದೀಪ ಹತ್ತಿದವು. ಯಾರೂ ಬೆರಳು ತೆಗೆಯಲಿಲ್ಲ. ಈರಭದ್ರಪ್ಪನ ಹೆಸರನ್ನು ಅವನನ್ನು ಕಂಡೇ ಇರದವರು ಗಟ್ಟಿಯಾಗಿ ಕೂಗಿದರು. ಪರದೆ ಸರಿಯಿತು. ಐದು ಮಂದಿ ಸಿಬ್ಬಂದಿ ಬರಿಗಾಲಲ್ಲಿ ಓಡಿಬಂದು, ಯಾರ ಬಳಿ ಮೊದಲು ಹೋಗಬೇಕೆಂದು ತಿಳಿಯದೆ ನಡುದಾರಿಯಲ್ಲಿ ನಿಂತರು.

ಅವರ ಬಿಳಿಚಿದ ಮುಖ ನೋಡಿ ನೀಲಗಂಗಾಳ ಎದೆ ತಣ್ಣಗಾಯಿತು. ಈಗ ಎಷ್ಟಾಗಿರಬಹುದು? ಪಟ ತೆರೆದಳು.

ತೊಂಬತ್ತನಾಲ್ಕು.

ಜಗತ್ತಿನ ಯಾವ ವಿಮಾನಕ್ಕೂ ಅಷ್ಟು ಬಂದಿರಲಿಲ್ಲ. ಚಿಲಿ ಮುಟ್ಟುವವರೆಗೂ ಅಂಕಿ ಕೆಳಗಿಳಿಯಲಿಲ್ಲ. ಇಡೀ ಪ್ರಯಾಣದ ಸರಾಸರಿ ಎಂಬತ್ತು ದಾಟಿತು.

ಮರಳಿ ಬಂದ ನೀಲಗಂಗಾ ಪದಕಿಯವರ ಮುಂದೆ ಕುಳಿತು, ಒದ್ದದ್ದನ್ನೂ ಒರಗಿದ್ದನ್ನೂ ಬಿಡದೆ ಹೇಳಿದಳು. ಅವರು ಯಂತ್ರ ಬರೆದಿಟ್ಟ ಅಂಕಿಗಳ ಗೆರೆಚಿತ್ರ ಬಿಡಿಸಿ ನೋಡಿದರು.

"ಇದಕ್ಕ ಸಮಸ್ಪಂದನ ಅಂತಾರ್ರೀ. ಗುಂಪಿನ ಎದಿಗಳೆಲ್ಲ ಒಂದ ತಾಳಕ್ಕ ಬಡಿಯೂದು. ಭಜನಿಯೊಳಗ, ಕಣದಾಗ ರಾಶಿ ತುಳಸೂವಾಗಿನ ಹಂತಿ ಹಾಡಿನೊಳಗ ಹಿಂಗಾಗ್ತದ. ಸಿಟ್ಟಿನೊಳಗೂ ಆಗ್ತದ ಅಂತ ನನಗ ಗೊತ್ತಿರಲಿಲ್ಲ. ಒಬ್ಬರ ಸಲುವಾಗಿ ಎಲ್ಲಾರೂ ಸಿಟ್ಟಾದ್ರ ಯಂತ್ರ ಅದನ್ನ ನೆಮ್ಮದಿ ಅಂತದ."

"ಹಂಗಾರ ಆ ಅಂಕಿ ನಮ್ಮದ್ರೀ, ಕಂಪನೀದಲ್ಲ."

"ಖರೆ. ಆದರ ಅಂಕ ತಿದ್ದಿಲ್ಲ ನೀವು. ಕಾಟ ಕೊಟ್ಟು ಅಂಕ ಏರಿಸಿದ್ರ ಏನ ಮಾಡಬೇಕು ಅಂತ ನಿಯಮದಾಗ ಬರದಿಲ್ಲ."

ಹೀಗೆ ಮೇಘವಾಹಿನಿ ಉಳಿಯಿತು. ಉಳಿದದ್ದಷ್ಟೇ ಅಲ್ಲ, 'ಜಗತ್ತಿನ ಅತಿ ನೆಮ್ಮದಿಯ ವಿಮಾನ' ಎಂದು ಹುಬ್ಬಳ್ಳಿಯ ವೃತ್ತವೃತ್ತದಲ್ಲೂ ಫಲಕ ಹಾಕಿತು. ನೀಲಗಂಗಾ ಎಂಟು ದಿನ ಸರಿಯಾಗಿ ಉಣ್ಣಲಿಲ್ಲ. ಪೂಜೆಗೆ ಕುಳಿತರೆ ಅಂಗೈಯ ಲಿಂಗದ ಜೊತೆ ಮಾತು ಬಿಟ್ಟವಳಂತೆ ಸುಮ್ಮನೆ ಕುಳಿತೇಳುತ್ತಿದ್ದಳು. ತನ್ನ ಕೈಯಿಂದಲೇ ವೈರಿಯ ಕೊರಳಿಗೆ ಹಾರ ಹಾಕಿಸಿದ ದೇವರೊಡನೆ ಏನು ಮಾತು?

ಏಳು ತಿಂಗಳ ಮೇಲೆ ಪದಕಿಯವರು ಆಕೆಯನ್ನು ಕರೆಸಿದರು. ಮೇಜಿನ ಮೇಲೆ ಮೇಘವಾಹಿನಿಯ ದೂರಿತ್ತು. ತಮ್ಮ ವಿಮಾನಗಳಲ್ಲಿ ಪ್ರಯಾಣಿಕರ ಸಾಮೂಹಿಕ ದುರ್ವರ್ತನೆ ಮಿತಿಮೀರಿದೆ, ಅದನ್ನು ನಿಷೇಧಿಸಬೇಕು ಎಂದು ಬರೆದಿದ್ದರು. ಯಾರೋ ಮುದುಕಿಗೆ ತಲೆಸುತ್ತು ಬಂದು ಗುಂಡಿ ಒತ್ತುತ್ತಾಳೆ. ಆ ಒಂದು ದೀಪ ಕಂಡದ್ದೇ ಪಕ್ಕದವನು ಒತ್ತುತ್ತಾನೆ, ಅವನ ಹಿಂದಿನವಳು ಒತ್ತುತ್ತಾಳೆ, ನಿಮಿಷದೊಳಗೆ ಇಡೀ ವಿಮಾನ ಒತ್ತುತ್ತದೆ. ಗಂಟೆಯ ಸದ್ದು ಕಟ್ಟಿಹಾಕಿದರೆ ಬಾಯಿಂದ ಕೂಗುತ್ತಾರೆ. ಯಾರೋ ಒಬ್ಬ ಈರಭದ್ರಪ್ಪನ ಹೆಸರು ಕೂಗುತ್ತಾರೆ. ಸಿಬ್ಬಂದಿಗೆ ಕಣ್ಣುಮುಚ್ಚಲು ಆಗುತ್ತಿಲ್ಲ. ಬಾವಿ ಕೊರೆಯುವವರಿಂದ ಅಡುಗೆಯವರಿಗೆ, ಅಡುಗೆಯವರಿಂದ ದಾದಿಯರಿಗೆ ಈ ಚಾಳಿ ಹತ್ತಿ, ಈಗ ಬೇರೆ ಕಂಪನಿಗಳ ವಿಮಾನಕ್ಕೂ ಹಬ್ಬಿದೆ. ಸುವರ್ಣಗರಿಯಲ್ಲೂ ಕಳೆದ ವಾರ ಜನ ಮುಸುಕು ಸರಿಸಿ, ದೀಪ ಹತ್ತಿದ್ದು ಯಾರಿಗೆಂದು ಎದ್ದು ನೋಡಿದ್ದರಂತೆ.

"ಇದಕ್ಕ ಹೊಣೆ ನೀವ," ಎಂದರು ಪದಕಿ. ದನಿಯಲ್ಲಿ ಬೈಗುಳವಿರಲಿಲ್ಲ. "ತುಲನಾಧಿಕಾರಿಯ ಅಭಿಪ್ರಾಯ ಕೇಳ್ಯಾರ. ಬರೀರಿ."

ನೀಲಗಂಗಾ ದೂರನ್ನು ಎರಡು ಸಲ ಓದಿದಳು. ಗಂಡನ ಹೆಸರಿರುವ ಸಾಲಿನ ಮೇಲೆ ಬೆರಳಾಡಿಸಿದಳು. ಆಮೇಲೆ ಪೆನ್ನು ತೆಗೆದುಕೊಂಡು, ಶಾಲೆಯ ಕರಿಹಲಗೆಯ ಮೇಲೆ ಬರೆಯುತ್ತಿದ್ದ ದುಂಡಕ್ಷರದಲ್ಲಿ ಎರಡೇ ಸಾಲು ಬರೆದಳು: ಪ್ರಯಾಣಿಕರ ವರ್ತನೆಯಲ್ಲಿ ಯಾವ ದೋಷವೂ ಕಂಡಿಲ್ಲ. ಸಿಬ್ಬಂದಿಯ ನಿದ್ದೆ ಕೆಟ್ಟಿದ್ದರೆ ಅವರ ದುಃಖದಲ್ಲಿ ನಾವೂ ಭಾಗಿಗಳು.

ಪದಕಿ ಓದಿ ಕನ್ನಡಕ ತೆಗೆದರು.

"ಸೇಡು ತೀರಿತೇನ್ರೀ, ಬಾಯಾರ?"

"ಎಲ್ಲಿ ತೀರ್ತದ್ರೀ ಸರ್," ಎಂದಳು ನೀಲಗಂಗಾ, ಎದ್ದು ಸೆರಗು ಸರಿಮಾಡಿಕೊಳ್ಳುತ್ತ. "ವಿಮಾನದಾಗಿನ ಮಂದಿ ದಿನಾ ಒಂದೀಟು ತೀರಸಾಕತ್ತಾರ. ನಾನೂ ಅವಸರ ಮಾಡೂದಿಲ್ಲ."